ಬ್ರಯನ್ ಮನೆಯ ಸಿಂಕ್ ಪೈಪು

ವಿನ್ನಿಪೆಗ್, ಕೆನಡಾ
8 ಡಿಸೆಂಬರ್ 2024

ಪ್ರೀತಿಯ ದೂಮಣ್ಣ,

ದೋಹಾದಲ್ಲಿ ಎಲ್ಲ ಹೇಗಿದ್ದೀರಿ? ಅಲ್ ವುಕೈರಿನ ನಮ್ಮ ರೂಮಿನಲ್ಲಿ ನನ್ನ ಮಂಚಕ್ಕೆ ಯಾರು ಬಂದರು? ಫೋನಿನಲ್ಲಿ ಮಾತಾಡಿದರೆ ನನಗೆ ಕೇಳುವುದಿಲ್ಲ, ಪಂಪ್ ರೂಮು ನನ್ನ ಎರಡೂ ಕಿವಿ ತಿಂದದ್ದು ನಿಮಗೆ ಗೊತ್ತೇ ಉಂಟು. ವಾಟ್ಸಾಪಿನಲ್ಲಿ ಕನ್ನಡ ಒತ್ತಿ ಒತ್ತಿ ಬೆರಳು ನೋಯುತ್ತದೆ. ಅದಕ್ಕೆ ಹೀಗೆ ಹಾಳೆಯಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ನೀವೂ ಹಾಗೆಯೇ ಮಾಡಿ. ನಿಮ್ಮ ಅಕ್ಷರ ನೋಡದೆ ಏಳು ತಿಂಗಳಾಯಿತು. ಹದಿನಾಲ್ಕು ವರ್ಷ ಒಂದೇ ವ್ಯಾನಿನಲ್ಲಿ ತಿರುಗಿದವರು ನಾವು.

ಇಲ್ಲಿ ಮೈಂಟೆನೆನ್ಸ್ ಕೆಲಸ ಚೆನ್ನಾಗಿದೆ. ನಾನಿರುವುದು ಬ್ರಯನ್ ಎನ್ನುವವರ ಮನೆಯ ಕೆಳಗಿನ ಕೋಣೆಯಲ್ಲಿ. ಅವರಿಗೆ ಎಂಬತ್ತೊಂದು ವರ್ಷ, ವಾಕರ್ ಹಿಡಿದು ನಡೆಯುತ್ತಾರೆ. ಮಗಳು ಬೇರೆ ಊರಿನಲ್ಲಿ. ನಾನು ಇಪ್ಪತ್ತು ವರ್ಷ ಅನುಭವದ ಪ್ಲಂಬರ್ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಸಂಜೆ ಇಬ್ಬರೂ ಸೂಪು ಕುಡಿಯುತ್ತೇವೆ. ನನಗೆ ತಿಳಿಯಲಿ ಅಂತ ಅವರು ಚೀಟಿಯಲ್ಲಿ ಬರೆದು ತೋರಿಸುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಅಡುಗೆಮನೆಯ ಸಿಂಕಿನ ನೀರು ಇಳಿಯುತ್ತಿಲ್ಲ. ಕಸ ಕಟ್ಟಿಲ್ಲ, ಎಣ್ಣೆಜಿಡ್ಡೂ ಅಲ್ಲ. ಪೈಪಿನೊಳಗೆ ಐಸ್! ನಂಬುತ್ತೀರಾ? ಅಡುಗೆಮನೆಯ ಅಡಿಯಲ್ಲಿ ಮನುಷ್ಯ ತೆವಳಿಕೊಂಡು ಹೋಗುವಷ್ಟು ಒಂದು ಸಂದು ಉಂಟು. ಪೈಪು ಆ ಸಂದಿನಲ್ಲಿ ಹೊರಗೋಡೆಗೆ ತಾಗಿಕೊಂಡೇ ಹೋಗುತ್ತದೆ. ಹೊರಗೆ ಮೈನಸ್ ಇಪ್ಪತ್ತೆಂಟು. ನೀವಾದರೆ ಎಂತ ಮಾಡುತ್ತಿದ್ದಿರಿ?

ನಿಮ್ಮ
ಲ್ಯಾನ್ಸ್‌ಲಾಟ್


ಅಲ್ ವುಕೈರ್
10 ಡಿಸೆಂಬರ್ 2024

ಲ್ಯಾನ್ಸಿ,

ನಿನ್ನ ಕಾಗದ ಓದಿ ನಗು ತಡೆಯಲಿಕ್ಕೆ ಆಗಲಿಲ್ಲ ಮಾರಾಯ. ಡ್ರೈನೇಜ್ ಪೈಪಿನಲ್ಲಿ ಐಸ್ ಅಂದರೆ ಎಂತ! ಇಲ್ಲಿ ಚಳಿ ಅಂದರೆ ಬೆಳಿಗ್ಗೆ ಒಂದು ಸ್ವೆಟರ್, ಹನ್ನೊಂದು ಗಂಟೆಗೆ ಅದನ್ನೂ ತೆಗೆದು ವ್ಯಾನಿನ ಸೀಟಿಗೆ ಹಾಕುವುದು. ನಿನ್ನೆ ಅಲ್ ಥುಮಾಮಾದ ಒಂದು ವಿಲ್ಲಾದಲ್ಲಿ ಕುರಿಮಾಂಸದ ಕೊಬ್ಬು ಕಟ್ಟಿ ಅಡುಗೆಮನೆ ಪೂರ ನೀರು. ಮೂರು ಜನ ಹೋದರೂ ಆಗಲಿಲ್ಲ. ಕೊನೆಗೆ ದೂಮಪ್ಪನೇ ಬರಬೇಕಾಯ್ತು. ಹತ್ತು ನಿಮಿಷ, ಖಲಾಸ್.

ಈಗ ನಿನ್ನ ಪೈಪಿಗೆ ಬರುವ. ಕುದಿಯುವ ನೀರಿಗೆ ಎರಡು ಹಿಡಿ ಕಲ್ಲುಪ್ಪು ಹಾಕಿ ನಿಧಾನ ಹೊಯ್ಯಿ. ಒಮ್ಮೆಲೇ ಸುರಿಯಬೇಡ. ಹೊಯ್ಯುವ ಮೊದಲು ನಿಂತ ನೀರನ್ನೆಲ್ಲ ಮಗ್ಗಿನಲ್ಲಿ ತೆಗೆದು ಹಾಕು. ನಲ್ಲಿ ತೊಟ್ಟಿಕ್ಕುತ್ತದಾ ನೋಡು. ಹನಿ ಹನಿ ನೀರು ಹೋದರೆ ಅದೇ ಕೂತು ಐಸ್ ಆಗುವುದು ಅಂತ ನನಗೆ ಕಾಣ್ತದೆ. ಪೈಪಿನ ಇಳಿಜಾರು ಸರಿ ಉಂಟಾ ಅದನ್ನೂ ನೋಡು, ನೀರು ನಿಲ್ಲುವ ಜಾಗವೇ ಮೊದಲು ಕಟ್ಟುವುದು.

ಬ್ರಯನ್ ಸಾಹೇಬರಿಗೆ ಹೇಳು, ದೋಹಾದಿಂದ ಒಬ್ಬ ಫೋರ್‌ಮನ್ ನಿಮ್ಮ ಮನೆಯ ಪೈಪು ರಿಪೇರಿ ಮಾಡ್ತಾ ಇದ್ದಾನೆ ಅಂತ.

ನಿನ್ನ ಮಂಚಕ್ಕೆ ಯಾರೂ ಬರಲಿಲ್ಲ. ನನ್ನ ಬಟ್ಟೆ ಇಟ್ಟಿದ್ದೇನೆ.

ದೂಮಪ್ಪ


ವಿನ್ನಿಪೆಗ್
19 ಡಿಸೆಂಬರ್ 2024

ಪ್ರೀತಿಯ ದೂಮಣ್ಣ,

ನಿಮ್ಮ ಉಪ್ಪುನೀರು ಕೆಲಸ ಮಾಡಿತು! ನಲ್ಲಿ ತೊಟ್ಟಿಕ್ಕುತ್ತಿದ್ದದ್ದೂ ನಿಜ, ವಾಷರ್ ಬದಲಿಸಿದೆ. ನಿಮ್ಮ ಕಾಗದವನ್ನು ಇಂಗ್ಲಿಷಿನಲ್ಲಿ ಬರೆದು ಬ್ರಯನ್‌ಗೆ ತೋರಿಸಿದೆ. ಅವರು ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಮಗಳಿಗೆ ಫೋನ್ ಮಾಡಿ, ಮರುಭೂಮಿಯಿಂದ ಒಬ್ಬರು ನಮ್ಮ ಐಸ್ ಕರಗಿಸಿದರು ಎಂದರಂತೆ.

ಆದರೆ ಆ ಸಂತೋಷ ನಾಲ್ಕೇ ದಿನ. ಈಗ ಮೈನಸ್ ಮೂವತ್ತನಾಲ್ಕು. ಪೈಪು ಮತ್ತೆ ಕಟ್ಟಿದೆ, ಮೊದಲಿಗಿಂತ ಉದ್ದಕ್ಕೆ. ಬಿಸಿನೀರು ಹೊಯ್ದರೆ ಅದೂ ಮೇಲೇ ನಿಂತು ತಣ್ಣಗಾಗಿ ಐಸಿಗೆ ಸೇರುತ್ತದೆ. ಬಟ್ಟೆ ಬಿಸಿಮಾಡಿ ಸುತ್ತಿದೆ, ಕೂದಲು ಒಣಗಿಸುವ ಡ್ರೈಯರ್ ಹಿಡಿದು ಆ ಸಂದಿನಲ್ಲಿ ಎರಡು ಗಂಟೆ ಮಲಗಿದೆ. ಬೆನ್ನು ಹೆಪ್ಪುಗಟ್ಟಿತೇ ಹೊರತು ಪೈಪು ಬಿಡಲಿಲ್ಲ. ಬ್ರಯನ್ ಬಕೆಟಿನಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ. ಆ ನೀರು ಎತ್ತಿ ಬಚ್ಚಲಿಗೆ ಹೊಯ್ಯಲು ಅವರ ಕೈಲಾಗುವುದಿಲ್ಲ.

ಪೈಪು ಹಳೆಯ ಕಾಲದ ಬೀಡುಕಬ್ಬಿಣದ್ದು. ಬೆಂಕಿ ಉಗುಳುವ ನಮ್ಮ ಗ್ಯಾಸ್ ಟಾರ್ಚಿನಂಥದ್ದು ಬ್ರಯನ್ ಶೆಡ್ಡಿನಲ್ಲಿ ಉಂಟು. ಅದನ್ನು ಹಿಡಿಯಬಹುದಾ? ಮನೆ ಪೂರ್ತಿ ಮರದ್ದು, ನನಗೆ ಧೈರ್ಯ ಬರುತ್ತಿಲ್ಲ. ಅಲ್ಲಿಯ ನಮ್ಮ ಕಂಪೆನಿಯ ಇಂಜಿನಿಯರ್ ಉಮರ್ ಸರ್ ಓದಿದ್ದು ಯಾವುದೋ ಹಿಮ ಬೀಳುವ ದೇಶದಲ್ಲಲ್ಲವಾ? ಅವರಿಗೆ ಇದೆಲ್ಲ ಗೊತ್ತಿರುತ್ತದೆ. ದಯವಿಟ್ಟು ಒಮ್ಮೆ ಕೇಳಿ ಬರೆಯಿರಿ. ಕ್ರಿಸ್ಮಸ್ಸಿಗೆ ಬ್ರಯನ್ ಮಗಳು ಬರುತ್ತಾಳೆ. ಅದಕ್ಕೆ ಮೊದಲು ಸರಿಯಾಗಬೇಕು.

ಲ್ಯಾನ್ಸ್‌ಲಾಟ್


ಅಲ್ ವುಕೈರ್
21 ಡಿಸೆಂಬರ್ 2024

ಲ್ಯಾನ್ಸಿ,

ಉಮರ್ ಸಾಹೇಬರ ಹತ್ತಿರ ಕೇಳಿದೆ. ಕಬ್ಬಿಣದ ಪೈಪಾದರೆ ಏನೂ ತೊಂದರೆ ಇಲ್ಲ, ಅವರ ಕಾಲೇಜಿನ ಹಾಸ್ಟೆಲಿನಲ್ಲಿ ಪ್ರತಿ ಚಳಿಗಾಲ ಹಾಗೇ ಮಾಡ್ತಿದ್ದರಂತೆ. ಧೈರ್ಯವಾಗಿ ಮಾಡು.

ಜ್ವಾಲೆ ಸಣ್ಣದಿರಲಿ. ಒಂದೇ ಕಡೆ ನಿಲ್ಲಿಸಬೇಡ, ಗೋಡೆಗೆ ಸುಣ್ಣ ಹೊಡೆದ ಹಾಗೆ ಆಚೆ ಈಚೆ ಆಡಿಸುತ್ತಾ ಇರು. ತಗ್ಗಿನ ತುದಿಯಿಂದ ಸುರು ಮಾಡಿ ಮೇಲೆ ಬಾ, ಆಗ ಕರಗಿದ ನೀರಿಗೆ ಹೋಗಲಿಕ್ಕೆ ದಾರಿ ಇರ್ತದೆ. ಪೈಪಿನ ಹಿಂದೆ, ಮರ ಇರುವ ಕಡೆ, ಒದ್ದೆ ಗೋಣಿ ಒತ್ತಿ ಇಡು. ನೆನಪುಂಟಾ, ಬಿನ್ ಒಮ್ರಾನಿನ ಹಳೆ ಬಿಲ್ಡಿಂಗಿನಲ್ಲಿ ಜಾಮ್ ಆದ ಜಾಯಿಂಟನ್ನು ನಾವು ಟಾರ್ಚ್ ಹಿಡಿದೇ ಬಿಡಿಸಿದ್ದು? ಅದೇ ಲೆಕ್ಕ. ಇಪ್ಪತ್ತು ನಿಮಿಷದ ಕೆಲಸ.

ಮುಗಿದ ಮೇಲೆ ಫೋಟೋ ಕಳಿಸು. ಹ್ಯಾಪಿ ಕ್ರಿಸ್ಮಸ್.

ದೂಮಪ್ಪ


ಅಲ್ ವುಕೈರ್
3 ಜನವರಿ 2025

ಲ್ಯಾನ್ಸಿ,

ಹೊಸ ವರ್ಷದ ಶುಭಾಶಯ. ಪೈಪಿನ ಜೊತೆ ನೀನೂ ಹೆಪ್ಪುಗಟ್ಟಿದಿಯಾ ಹೇಗೆ? ಬ್ರಯನ್ ಸಾಹೇಬರ ಮಗಳು ಬಂದು ಹೋದಳಾ? ಅಡುಗೆಮನೆ ನೋಡಿ ಎಂತ ಹೇಳಿದಳು? ಫೋಟೋ ಎಲ್ಲಿ? ಇನ್ನು ಯಾರ ಮನೆಯಲ್ಲಾದರೂ ಐಸ್ ಕಟ್ಟಿದರೆ ನನಗೆ ಬರೆಯಲಿಕ್ಕೆ ಹೇಳು. ಇಲ್ಲಿಂದಲೇ ಒಂದು ಕಂಪೆನಿ ಸುರು ಮಾಡುವ.

ದೂಮಪ್ಪ


ಅಲ್ ವುಕೈರ್
18 ಜನವರಿ 2025

ಲ್ಯಾನ್ಸಿ,

ನಾನು ಕಳಿಸಿದ್ದನ್ನು ನೀನು ನೋಡಿದ್ದೀ ಅಂತ ಫೋನ್ ತೋರಿಸ್ತದೆ. ಉತ್ತರ ಇಲ್ಲ. ಕೆಲಸ ಆಗುವ ತನಕ ದೂಮಣ್ಣ ಬೇಕು, ಆಮೇಲೆ ಬೇಡ. ಆಗಲಿ. ನನಗೂ ಇಲ್ಲಿ ಸಾವಿರ ಕೆಲಸ ಉಂಟು. ದಿನಾ ಹತ್ತು ಜನ ನನ್ನ ಹತ್ತಿರ ಕೇಳಲಿಕ್ಕೆ ಬರ್ತಾರೆ.

ಹುಷಾರಿಲ್ಲವಾದರೆ ಅಷ್ಟಾದರೂ ಬರೆ.

ದೂಮಪ್ಪ


ವಿನ್ನಿಪೆಗ್
27 ಜನವರಿ 2025

ದೂಮಣ್ಣ,

ತಡವಾಯಿತು, ಕ್ಷಮಿಸಿ. ಪೈಪು ಬಿಟ್ಟಿತು. ನೀರು ಸರಾಗ ಹೋಯಿತು. ನಾನು ಈಗ ಬೇರೆ ಕಡೆ ಇದ್ದೇನೆ. ಬ್ರಯನ್ ಆ ಮನೆಯಲ್ಲಿ ಇಲ್ಲ. ಕೆಲಸದ ಗಡಿಬಿಡಿ. ಆರೋಗ್ಯವಾಗಿದ್ದೇನೆ.

ಲ್ಯಾನ್ಸ್‌ಲಾಟ್


ಅಲ್ ವುಕೈರ್
29 ಜನವರಿ 2025

ಲ್ಯಾನ್ಸಿ,

ನೋಡಿದಿಯಾ! ನಾನು ಹೇಳಲಿಲ್ಲವಾ ಇಪ್ಪತ್ತು ನಿಮಿಷ ಅಂತ? ನಿನ್ನ ಕಾಗದ ಬಂದಾಗ ಕ್ಯಾಂಟೀನಿನಲ್ಲಿದ್ದೆ. ಅಲ್ಲಿದ್ದವರಿಗೆಲ್ಲ ಹೇಳಿದೆ, ಕೆನಡಾದ ಐಸನ್ನು ಇಲ್ಲಿ ಕೂತು ಕರಗಿಸಿದ್ದು ಅಂತ. ಒಬ್ಬ ಮಲಯಾಳಿ ನಂಬಲೇ ಇಲ್ಲ. ನಿನ್ನ ಕಾಗದ ತೋರಿಸಿದೆ. ಅವನಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ, ಆದರೂ ತೋರಿಸಿದೆ.

ಬ್ರಯನ್ ಸಾಹೇಬರನ್ನು ಮಗಳು ಕರ್ಕೊಂಡು ಹೋದಳಾ? ಒಳ್ಳೆಯದೇ ಆಯ್ತು. ವಾಕರ್ ಹಿಡಿದು ಎಷ್ಟು ದಿನ ಅಂತ ಒಬ್ಬರೇ ಇರುವುದು. ಅವರ ಫೋನ್ ನಂಬರಿದ್ದರೆ ಕೊಡು, ಒಂದು ಗುಡ್ ಮಾರ್ನಿಂಗ್ ಆದರೂ ಹಾಕ್ತೇನೆ.

ನೀನು ಮನೆ ಬದಲಿಸಿದ ಕತೆ ಸರಿಯಾಗಿ ಬರೆ. ನಾಲ್ಕು ಗೆರೆ ಬರೆದರೆ ನನಗೆ ಸಾಕಾಗುವುದಿಲ್ಲ.

ದೂಮಪ್ಪ


ಅಲ್ ವುಕೈರ್
22 ಫೆಬ್ರವರಿ 2025

ಲ್ಯಾನ್ಸಿ,

ನಿನ್ನೆ ಶುಕ್ರವಾರ ಬಿನ್ ಒಮ್ರಾನಿನಲ್ಲಿ ಕ್ಷೌರಕ್ಕೆ ಹೋಗಿದ್ದೆ. ಅಲ್ಲಿ ನಿನ್ನ ಅಕ್ಕನ ಮಗ ರಸೆಲ್ ಸಿಕ್ಕಿದ. ಅವನು ಆಫೀಸು ಬದಲಿಸಿದ ಮೇಲೆ ಕಾಣಲು ಸಿಕ್ಕಿರಲಿಲ್ಲ. ನಾನೇ ಮಾತು ತೆಗೆದು ಪೈಪಿನ ಕತೆ ಹೇಳಲಿಕ್ಕೆ ಸುರು ಮಾಡಿದೆ, ನಗಾಡಿಕೊಂಡು. ಅವನು ನನ್ನ ಮುಖವನ್ನೇ ನೋಡಿದ. "ಅಂಕಲ್, ನಿಮಗೆ ಗೊತ್ತಿಲ್ಲವಾ? ಮನೆ ಸುಟ್ಟುಹೋಗಿದೆ. ಆ ಅಜ್ಜ ಆಸ್ಪತ್ರೆಯಲ್ಲಿ ತೀರಿಹೋದರು. ಮಾಮನನ್ನು ವಿಚಾರಣೆಗೆ ಕರೀತಾ ಇದ್ದಾರೆ, ಚರ್ಚಿನವರು ಉಳಿಯಲಿಕ್ಕೆ ಜಾಗ ಕೊಟ್ಟಿದ್ದಾರೆ," ಅಂದ. ಅರ್ಧ ಕ್ಷೌರದಲ್ಲಿ ಎದ್ದು ಬಂದೆ.

ಈಗ ನಾನು ಹೇಳುವುದನ್ನು ಪೂರ ಓದು. ಉಮರ್ ಸಾಹೇಬರ ಹತ್ತಿರ ನಾನು ಕೇಳಲೇ ಇಲ್ಲ. ಅವರ ಹಾಸ್ಟೆಲಿನ ಮಾತು ನಾನು ಕಟ್ಟಿದ್ದು.

ಆಗಸ್ಟಿನಲ್ಲಿ ಒಂದು ವಿಲ್ಲಾದಲ್ಲಿ ನನ್ನ ಕೈ ನಡುಗಿ ವಾಲ್ವ್ ಮುರಿಯಿತು. ಮನೆಯ ಯಜಮಾನನ ಎದುರಿಗೇ ಉಮರ್ ಸಾಹೇಬರು, ಖಲಾಸ್ ದೂಮಪ್ಪ, ಹೋಗಿ ವ್ಯಾನಿನಲ್ಲಿ ಕೂತ್ಕೋ ಅಂದರು. ಮರುದಿನದಿಂದ ನಾನು ಸ್ಟೋರಿನಲ್ಲಿದ್ದೇನೆ. ಕೇಳಿದವರಿಗೆ ಟ್ಯಾಪು, ಟೇಪು ಎತ್ತಿ ಕೊಡುವುದು. ಅಲ್ ಥುಮಾಮಾದ ಕೊಬ್ಬಿನ ಕತೆ ಮೂರು ವರ್ಷದ ಹಿಂದಿನದ್ದು, ನೀನು ರಜೆಗೆ ಊರಿಗೆ ಹೋಗಿದ್ದಾಗಿನದ್ದು. ನಾಲ್ಕು ತಿಂಗಳಿಂದ ಒಬ್ಬನೂ ನನ್ನ ಹತ್ತಿರ ಇದು ಹೇಗೆ ಮಾಡುವುದು ಅಂತ ಕೇಳಿರಲಿಲ್ಲ. ಆಗ ನಿನ್ನ ಕಾಗದ ಬಂತು. ಉಮರ್ ಸಾಹೇಬರ ಮುಂದೆ ಹೋಗಿ ನಿಲ್ಲಲಿಕ್ಕೆ ನನಗೆ ಆಗಲಿಲ್ಲ. ಗೊತ್ತಿಲ್ಲ ಅಂತ ನಿನಗೆ ಬರೆಯಲಿಕ್ಕೂ ಆಗಲಿಲ್ಲ.

ಹಿಮವನ್ನು ನಾನು ಟೀವಿಯಲ್ಲಿ ಮಾತ್ರ ನೋಡಿದ್ದು ಲ್ಯಾನ್ಸಿ.

ನನ್ನನ್ನು ಬೈ. ಏನಾದರೂ ಬರೆ.

ದೂಮಪ್ಪ


ವಿನ್ನಿಪೆಗ್
10 ಮಾರ್ಚ್ 2025

ದೂಮಣ್ಣ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಒಂದರಲ್ಲಿ ನಿಮಗೆ ಬೈದಿದ್ದೆ. ಬಾಯಲ್ಲಿ ಎಂದೂ ಬಾರದ ಮಾತು ಬರೆದಿದ್ದೆ. ಅದನ್ನು ಹರಿದ ಮೇಲೆ, ಇಲ್ಲಿ ನಡೆದದ್ದನ್ನು ಸುಮ್ಮನೆ ಬರೆದುಬಿಡುತ್ತೇನೆ ಎಂದುಕೊಂಡೆ.

ಡಿಸೆಂಬರ್ ಇಪ್ಪತ್ತಮೂರು, ಮಧ್ಯಾಹ್ನ ಎರಡು ಗಂಟೆ. ನೀವು ಹೇಳಿದ ಹಾಗೆಯೇ ಮಾಡಿದೆ. ಸಣ್ಣ ಜ್ವಾಲೆ, ತಗ್ಗಿನ ತುದಿಯಿಂದ. ಗೋಣಿ ಇರಲಿಲ್ಲ, ಎರಡು ಟವೆಲ್ ಒದ್ದೆ ಮಾಡಿ ಒತ್ತಿದ್ದೆ. ಇಪ್ಪತ್ತೈದು ನಿಮಿಷಕ್ಕೆ ಪೈಪು ಒಳಗೊಳಗೇ ಅದುರಿತು, ಕೈಗೆ ಗೊತ್ತಾಯಿತು. ನೀರು ಇಳಿಯಿತು. ಮೇಲೆ ಬ್ರಯನ್ ಖುಷಿಯಲ್ಲಿ ವಾಕರನ್ನು ನೆಲಕ್ಕೆ ಕುಟ್ಟಿದರು. ಅದೂ ನನ್ನ ಬೆನ್ನಿಗೆ ತಿಳಿಯಿತು. ಮೇಲೆ ಹೋದಾಗ ಸಿಂಕಿನಲ್ಲಿ ತಟ್ಟೆ ತೊಳೆಯುತ್ತಾ ನಿಂತಿದ್ದರು. ನಾನು ಸ್ನಾನ ಮಾಡಿ ನಾಲ್ಕಕ್ಕೆ ಕೆಲಸಕ್ಕೆ ಹೊರಟೆ.

ಆ ಗೋಡೆಯೊಳಗೆ ಚಳಿ ತಡೆಯಲು ಹಿಂದಿನವರು ಮರದ ಹೊಟ್ಟು, ಹಳೆ ಪೇಪರು ತುಂಬಿದ್ದರಂತೆ. ಎಲ್ಲೋ ಒಂದು ಕಿಡಿ ಹಿಡಿದಿತ್ತು. ಕಿವಿ ಇದ್ದವನಿಗೆ ಚಟಚಟ ಕೇಳುತ್ತಿತ್ತೋ ಏನೋ. ನನಗೆ ಕೇಳಲಿಲ್ಲ. ಐದೂವರೆಗೆ ಪಕ್ಕದ ಮನೆಯವರು ಹೊಗೆ ನೋಡಿದರು. ಬ್ರಯನ್‌ರನ್ನು ಜೀವಂತ ಹೊರಗೆ ತಂದರು. ಹನ್ನೊಂದು ದಿನ ಬದುಕಿದ್ದರು. ಜನವರಿ ಮೂರಕ್ಕೆ ಹೋದರು. ಅವತ್ತು ನಾನು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ನಿಮ್ಮ ಹೊಸ ವರ್ಷದ ಕಾಗದ ಬಂತು. ಕಂಪೆನಿ ಸುರು ಮಾಡುವ ಎಂದು ಬರೆದಿದ್ದಿರಿ. ಅದಕ್ಕೇ ನಾನು ಬಹಳ ದಿನ ಬರೆಯಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ್ದು. ಡಿಸೆಂಬರ್ ಹದಿನೆಂಟಕ್ಕೇ ನಾನು ಇಲ್ಲಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹೆಂಗಸು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು, ಪೈಪಿಗೆ ಬೆಂಕಿ ಹಿಡಿಯಬೇಡ, ಇಲ್ಲಿಯ ಪ್ಲಂಬರನ್ನು ಕರೆ ಎಂದು. ಅದನ್ನು ನಾನು ನಿಮಗೂ ಬರೆಯಲಿಲ್ಲ, ಬ್ರಯನ್‌ಗೂ ತೋರಿಸಲಿಲ್ಲ. ನಾನು ಪ್ಲಂಬರ್ ಎಂದು ಅವರು ಊರಿಗೆಲ್ಲ ಹೇಳಿದ್ದರು. ಇಲ್ಲಿ ನನಗೆ ಪ್ಲಂಬರ್ ಲೈಸೆನ್ಸ್ ಇಲ್ಲ ದೂಮಣ್ಣ. ನಾನು ವೃದ್ಧರ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುತ್ತೇನೆ. ಆ ಮನೆಯೊಂದರಲ್ಲಿ ಮಾತ್ರ ನಾನು ಪ್ಲಂಬರ್ ಆಗಿದ್ದೆ.

ಟಾರ್ಚ್ ಹಿಡಿಯಬಹುದು ಎನ್ನುವ ಒಂದು ಮಾತು ನನಗೆ ಬೇಕಿತ್ತು. ನೀವು ಅದನ್ನು ಕೊಟ್ಟಿರಿ. ಕೊಡದಿದ್ದರೆ ಕೈ ಹಾಕುತ್ತಿರಲಿಲ್ಲ ಎನ್ನುವುದೂ ನಿಜ. ಎರಡೂ ನಿಜ. ರಸೆಲ್‌ಗೆ ಮಾತ್ರ ಬರೆದಿದ್ದೆ, ಊರಲ್ಲಿ ಹೆಂಡತಿ ಫ್ಲೋರಿನ್‌ಗೆ ನಾನಿನ್ನೂ ಏನೂ ಹೇಳಿಲ್ಲ. ಪ್ರತಿ ಭಾನುವಾರ ಬ್ರಯನ್ ಹೇಗಿದ್ದಾರೆ ಎಂದು ಮೆಸೇಜ್ ಮಾಡಿ ಕೇಳುತ್ತಾಳೆ. ಚೆನ್ನಾಗಿದ್ದಾರೆ ಎಂದು ಬರೆಯುತ್ತೇನೆ.

ಲ್ಯಾನ್ಸ್‌ಲಾಟ್


ಅಲ್ ವುಕೈರ್
15 ಮಾರ್ಚ್ 2025

ಲ್ಯಾನ್ಸಿ,

ಉಮರ್ ಸಾಹೇಬರ ಆಫೀಸಿಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, "ಕೇಳಿದ್ದರೆ ಒಂದು ನಿಮಿಷದಲ್ಲಿ ಬೇಡ ಅಂತಿದ್ದೆ ದೂಮಪ್ಪ. ಮರದ ಮನೆಯಲ್ಲಿ ಪೈಪಿಗೆ ಬೆಂಕಿ ಹಿಡಿಯಬಾರದು. ಅದು ಅಲ್ಲಿ ಮಕ್ಕಳಿಗೂ ಗೊತ್ತು," ಅಂದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅವರ ಹತ್ತಿರವೇ ಇಂಗ್ಲಿಷಿನಲ್ಲಿ ಒಂದು ಹೇಳಿಕೆ ಬರೆಸಿದ್ದೇನೆ. ಟಾರ್ಚ್ ಹಿಡಿಯಲಿಕ್ಕೆ ಹೇಳಿದವನು ನಾನು, ಇಂಜಿನಿಯರ್ ಒಪ್ಪಿದ್ದಾರೆ ಅಂತ ಸುಳ್ಳು ಬರೆದವನು ನಾನು, ಲ್ಯಾನ್ಸ್‌ಲಾಟ್ ಹೆದರಿದ್ದ, ಕೇಳಿದ್ದ ಅಂತ. ಸಹಿ ಹಾಕಿದ್ದೇನೆ, ಪಾಸ್‌ಪೋರ್ಟ್ ನಂಬರ್ ಬರೆದಿದ್ದೇನೆ. ವಿಚಾರಣೆ ಮಾಡುವವರಿಗೆ ಕೊಡು. ಬ್ರಯನ್ ಸಾಹೇಬರ ಮಗಳಿಗೂ ಒಂದು ಕೊಡು. ನನ್ನನ್ನು ಕರೆದರೆ ಎಲ್ಲಿಗೆ ಬೇಕಾದರೂ ಬರ್ತೇನೆ.

ಇದರಿಂದ ಸತ್ತವರು ಬರುವುದಿಲ್ಲ ಅಂತ ಗೊತ್ತು. ಬೇರೆ ಎಂತ ಮಾಡಬೇಕು ಅಂತ ಗೊತ್ತಾಗುವುದಿಲ್ಲ. ನಿನಗೆ ಗೊತ್ತಿದ್ದರೆ ಹೇಳು.

ದೂಮಪ್ಪ


ವಿನ್ನಿಪೆಗ್
9 ಏಪ್ರಿಲ್ 2025

ದೂಮಣ್ಣ,

ನಿಮ್ಮ ಹೇಳಿಕೆಯನ್ನು ಅಧಿಕಾರಿಗೆ ಕೊಟ್ಟೆ. ಓದಿ ಫೈಲಿಗೆ ಸೇರಿಸಿದರು. ಪ್ರಶ್ನೆ ಕೇಳಲಿಲ್ಲ. ಕಳೆದ ವಾರ ವರದಿ ಬಂತು, ಉದ್ದೇಶವಿಲ್ಲದೆ ಆದ ಅಪಘಾತ ಎಂದು. ಕೇಸು ಇಲ್ಲ. ಅವತ್ತು ಚರ್ಚಿನಲ್ಲಿ ಎಲ್ಲರೂ ಬಂದು ನನ್ನ ಕೈ ಕುಲುಕಿದರು.

ಬ್ರಯನ್ ಮಗಳು ಮನೆಯ ಜಾಗ ನೋಡಲು ಬಂದಿದ್ದಳು. ಅಲ್ಲಿಗೆ ಹೋಗಿ ಎರಡನೆಯ ಪ್ರತಿ ಕೊಟ್ಟೆ. ಹಿಮ ಕರಗಿ ಅಂಗಳವೆಲ್ಲ ಕರಿ ಕೆಸರು. ನಿಂತೇ ಓದಿದಳು. ಆಮೇಲೆ ನನ್ನ ನೋಟ್‌ಬುಕ್ ತೆಗೆದುಕೊಂಡು ಬರೆದಳು, "ದೋಹಾದವನ ಮಾತು ಹೇಳಿ ಅಪ್ಪ ಫೋನಿನಲ್ಲಿ ತುಂಬಾ ನಕ್ಕಿದ್ದ. ಅಮ್ಮ ಹೋದ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ." ನನಗೆ ಒಂದು ಕ್ಷಣ ಏನೋ ಆಸೆಯಾಯಿತು. ಅವಳು ಕೆಳಗೆ ಇನ್ನೊಂದು ಸಾಲು ಬರೆದಳು, "ಈ ಕಾಗದ ಇಟ್ಟುಕೊಂಡು ನಾನೇನು ಮಾಡಲಿ?" ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟು ಕಾರು ಹತ್ತಿದಳು.

ನನ್ನ ಕೆಲಸ ಹೋಗಿದೆ, ಪರ್ಮಿಟ್ಟೂ ಮುಗಿಯುತ್ತಿದೆ. ಊರಿಗೆ ಹೋಗುತ್ತೇನೆ. ಫ್ಲೋರಿನ್‌ಗೆ ಕೊನೆಗೂ ಎಲ್ಲ ಬರೆದೆ. ಬಾ ಎಂದಳು, ಅಷ್ಟೇ. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ದೋಹಾದಲ್ಲಿ ವಿಮಾನ ಬದಲಾಗುತ್ತದೆ. ಬೆಳಿಗ್ಗೆ ಹತ್ತೂವರೆಗೆ ಇಳಿದು, ಮೂರಕ್ಕೆ ಬೆಂಗಳೂರಿನದು. ರಸೆಲ್ ಹೇಗೂ ನಿಮಗೆ ಹೇಳಿಬಿಡುತ್ತಾನೆ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಬರಬೇಡಿ ದೂಮಣ್ಣ. ನಾನು ಹೊರಗೆ ಬರುವುದಿಲ್ಲ. ನಿಮ್ಮನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೋ ಅಳು ಬರುತ್ತದೋ ಗೊತ್ತಿಲ್ಲ. ಎರಡನ್ನೂ ತಡೆಯುವ ಶಕ್ತಿ ನನಗೆ ಉಳಿದಿಲ್ಲ. ಇನ್ನು ಸ್ವಲ್ಪ ಕಾಲ ನನಗೆ ಬರೆಯಲೂ ಬೇಡಿ. ಎಷ್ಟು ಕಾಲ ಎಂದು ಹೇಳಲು ನನಗೆ ಆಗುವುದಿಲ್ಲ.

ಲ್ಯಾನ್ಸ್‌ಲಾಟ್


ದೋಹಾ ಏರ್‌ಪೋರ್ಟ್
24 ಏಪ್ರಿಲ್ 2025

ಲ್ಯಾನ್ಸಿ,

ಬರೆಯಬೇಡ ಅಂದಿದ್ದೀ. ಇದೊಂದು ಬರೆಯುತ್ತೇನೆ, ಮತ್ತೆ ಬರೆಯುವುದಿಲ್ಲ.

ಬಂದಿದ್ದೇನೆ. ಸ್ಟೋರಿಗೆ ಬೀಗ ಹಾಕಿ, ಜ್ವರ ಅಂತ ಹೇಳಿ ಬಂದೆ. ಇಳಿದವರು ಹೊರಗೆ ಬರುವ ಬಾಗಿಲಿನ ಎದುರು ಹತ್ತು ಗಂಟೆಯಿಂದ ಕೂತಿದ್ದೇನೆ. ವಿಮಾನ ಬದಲಿಸುವವರು ಈ ಬಾಗಿಲಿಗೆ ಬರುವುದೇ ಇಲ್ಲ ಅಂತ ನನಗೆ ಗೊತ್ತುಂಟು. ಆದರೂ ಸೆಕ್ಯೂರಿಟಿಯವನ ಹತ್ತಿರ ಒಮ್ಮೆ ಕೇಳಿದೆ, ಒಳಗೆ ನಮ್ಮವನೊಬ್ಬ ಇದ್ದಾನೆ, ಗಾಜಿನ ಆಚೆಯಿಂದ ನೋಡಲಿಕ್ಕೆ ಆಗುತ್ತದಾ ಅಂತ. ಮಾಫಿ, ಆಗುವುದಿಲ್ಲ, ಅಂದ. ಒಳ್ಳೆ ಮನುಷ್ಯ, ಆಮೇಲೆ ಕುಡಿಯಲಿಕ್ಕೆ ನೀರು ತಂದುಕೊಟ್ಟ.

ನಿನ್ನ ವಿಮಾನ ಹತ್ತು ಇಪ್ಪತ್ತೆರಡಕ್ಕೆ ಇಳಿಯಿತು ಅಂತ ಬೋರ್ಡಿನಲ್ಲಿ ಬಂತು. ಸುಮಾರು ಜನ ಹೊರಗೆ ಬಂದರು. ಉದ್ದ ಕೋಟು ಹಾಕಿದವರನ್ನೆಲ್ಲ ನೋಡಿದೆ. ಇಬ್ಬರು ನಿನ್ನ ಹಾಗೆ ಕಂಡರು. ಒಬ್ಬನ ಹಿಂದೆ ಟ್ಯಾಕ್ಸಿಯ ತನಕ ಹೋದೆ. ಅವನು ತಿರುಗಿದಾಗ ನೀನಲ್ಲ.

ಊಟ ಮಾಡಿದಿಯಾ, ಒಳಗೆ ಎಲ್ಲಿ ಕೂತಿದ್ದೀ, ನನಗೆ ಗೊತ್ತಾಗುವುದಿಲ್ಲ. ಬೋರ್ಡಿಂಗ್ ಕರೆದರೆ ನಿನಗೆ ಕೇಳಲಿಕ್ಕಿಲ್ಲ, ಯಾರ ಹತ್ತಿರವಾದರೂ ಹೇಳಿ ಇಟ್ಟಿದ್ದೀಯಾ ಇಲ್ಲವಾ ಅಂತ ಹೆದರಿಕೆ ಆಗಿತ್ತು. ಈಗ ಮೂರೂ ಹತ್ತು. ಬೆಂಗಳೂರಿನ ವಿಮಾನ ಹೋಯಿತು ಅಂತ ಬೋರ್ಡು ಹೇಳ್ತದೆ. ಹೆಸರು ಕೂಗಿ ಯಾರನ್ನೂ ಕರೆಯಲಿಲ್ಲ, ಹಾಗಾದರೆ ನೀನು ಹತ್ತಿದ್ದೀ.

ಸ್ಟೋರಿನ ಬೀಗದ ಕೈ ನನ್ನ ಜೇಬಿನಲ್ಲಿ ಉಂಟು. ಅಲ್ಲಿ ಬಾಗಿಲಲ್ಲಿ ಸಾಮಾನಿಗೆ ಜನ ಕಾಯ್ತಾ ಇರಬಹುದು. ನಾನು ಹೊರಟೆ.

ದೂಮಪ್ಪ